ಕಂಬಳಿಹುಳುವಿನ ಮೇಲೆ ಹೊರಿಸಿದ ತಪ್ಪು

ಮಲೆನಾಡಿನಲ್ಲಿ ಮುಖ ಊದಿಕೊಂಡರೆ ಹೇಳಲು ಕಾರಣಗಳಿಗೆ ಬರವಿಲ್ಲ. ಕಂಬಳಿಹುಳು ಮುಟ್ಟಿತು, ಜೇನು ಕಚ್ಚಿತು, ಗೇರಿನ ಸೊನೆ ತಾಗಿತು, ಅಡಿಕೆ ಸುಲಿಯುವಾಗ ಧೂಳು ಹಾರಿತು. ಹದಿನೆಂಟು ವರ್ಷಗಳಿಂದ ಶಿವಮೊಗ್ಗದ ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ ಚರ್ಮದ ಕ್ಲಿನಿಕ್ ಇಟ್ಟುಕೊಂಡಿರುವ ನಾನು ಇವೆಲ್ಲವನ್ನೂ ಸಾಕಷ್ಟು ನೋಡಿದ್ದೇನೆ. ಹುಳದ ರೋಮವನ್ನು ಅಂಟುಪಟ್ಟಿಯಿಂದ ಕಿತ್ತು ತೆಗೆದಿದ್ದೇನೆ, ಸೊನೆಯಿಂದ ಸುಟ್ಟ ಕೆನ್ನೆಗೆ ಮುಲಾಮು ಬರೆದಿದ್ದೇನೆ. ಈಚಿನ ವರ್ಷಗಳಲ್ಲಿ ಇದೇ ಕಾರಣಗಳನ್ನು ಹೇಳಿಕೊಂಡು ಬೇರೆಯೇ ಒಂದು ತೊಂದರೆ ಬರತೊಡಗಿದೆ. ಅದರ ಹೆಸರು ಫಿಲ್ಲರ್.

ಫಿಲ್ಲರ್ ಹಾಕುವವರಲ್ಲಿ ನಾನೂ ಒಬ್ಬಳು. ಆದ್ದರಿಂದ ಇದು ದೂರದಲ್ಲಿ ನಿಂತು ಬರೆದದ್ದಲ್ಲ. ನನ್ನ ಕೈಯಿಂದಲೇ ಆದ ಒಂದು ಎಡವಟ್ಟನ್ನು ಹೇಳಿಕೊಳ್ಳುವುದಕ್ಕಾಗಿಯೇ ಕುಳಿತಿದ್ದೇನೆ. ಆ ರೋಗಿಯ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದಂತೆ ಊರನ್ನೂ ಕೆಲಸವನ್ನೂ ಬದಲಿಸಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಮುಖಕ್ಕೆ ಯಾವ ಸೂಜಿ ಚುಚ್ಚಿದರೂ ನಮ್ಮ ಕಡೆ ಅದಕ್ಕೆ ಬೊಟಾಕ್ಸ್ ಎನ್ನುತ್ತಾರೆ. ಬೊಟಾಕ್ಸ್ ಸ್ನಾಯುವನ್ನು ಸಡಿಲಗೊಳಿಸುವ ಔಷಧ. ಫಿಲ್ಲರ್ ಹಾಗಲ್ಲ, ಅದು ಜಾಗ ತುಂಬುವ ಜೆಲ್. ಇಂದು ಬಳಕೆಯಲ್ಲಿರುವ ಬಹುಪಾಲು ಜೆಲ್‌ಗಳು ಹಯಲುರಾನಿಕ್ ಆಮ್ಲದವು. ಈ ವಸ್ತು ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ, ಕಣ್ಣಿನೊಳಗೆ ಮೊದಲೇ ಇದೆ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬ ವಿಜ್ಞಾನಿಗಳು ಇದನ್ನು ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನ ಒಳಗಿರುವ ಗಾಜಿನಂಥ ಲೋಳೆಯಿಂದ. ಕಣ್ಣಿನಲ್ಲಿ ಸಿಕ್ಕ ವಸ್ತು ತಪ್ಪಿದ ಜಾಗಕ್ಕೆ ಹೋದರೆ ಕಣ್ಣನ್ನೇ ಕಳೆಯಬಲ್ಲದು ಎನ್ನುವುದು ಎಷ್ಟು ವಿಚಿತ್ರ. ಆ ಮಾತಿಗೆ ಆಮೇಲೆ ಬರುತ್ತೇನೆ.

ಆ ರೋಗಿ ಹೊಸನಗರದ ಕಡೆಯವರು. ವಯಸ್ಸು ಐವತ್ತರ ಹತ್ತಿರ, ಅಡಿಕೆ ತೋಟದ ಮನೆ, ಮಗನ ಮದುವೆ ಗೊತ್ತಾಗಿತ್ತು. ಮೂಗಿನ ಬದಿಯಿಂದ ತುಟಿಯ ತುದಿಗೆ ಇಳಿಯುವ ಗೆರೆ ಫೋಟೊದಲ್ಲಿ ಕಾಣುತ್ತದೆ ಎನ್ನುವುದು ಅವರ ಸಂಕಟ. "ಮನೆಯಲ್ಲಿ ಯಾರಿಗೂ ಗೊತ್ತಾಗಬಾರದು ಡಾಕ್ಟರೇ" ಎಂದರು. ನಾನು ನಕ್ಕು ತಲೆಯಾಡಿಸಿದೆ. ಅವತ್ತು ನಾನು ಮಾಡಿದ ಮೊದಲ ತಪ್ಪು ಅದು. ಸೂಜಿಯನ್ನು ಇನ್ನೂ ಕೈಗೆತ್ತಿಕೊಂಡೇ ಇರಲಿಲ್ಲ.

ಜುಲೈ ತಿಂಗಳು, ಪುನರ್ವಸು ಮಳೆ. ಹನ್ನೊಂದೂವರೆಗೆ ಜೆಲ್ ಹಾಕಿದೆ. ಸೂಜಿಯ ಹಿಡಿಯನ್ನು ಹಿಂದಕ್ಕೆಳೆದು ರಕ್ತ ಬರುತ್ತದೆಯೇ ಎಂದು ನೋಡಿದ್ದೆ, ಬಂದಿರಲಿಲ್ಲ. ಅದನ್ನು ನಂಬಿದೆ. ಆದರೆ ಆ ಜೆಲ್ ದಪ್ಪ, ಸೂಜಿಯ ರಂಧ್ರ ಸಣ್ಣದು. ತುದಿ ರಕ್ತನಾಳದ ಒಳಗಿದ್ದರೂ ರಕ್ತ ಹಿಂದಕ್ಕೆ ಬಾರದೆ ಇರಬಹುದು. ಜೆಲ್‌ನಲ್ಲಿಯೇ ನೋವು ಮರೆಸುವ ಲಿಡೊಕೇನ್ ಬೆರೆತಿರುತ್ತದೆ. ಒಳಹೊಕ್ಕ ಜೆಲ್‌ನಿಂದ ರಕ್ತನಾಳ ಕಟ್ಟಿಕೊಂಡಾಗ ಕೂಗಿ ಹೇಳಬೇಕಾದ ನೋವು ಅದರಿಂದ ಮಂಪರಾಗಿಬಿಡುತ್ತದೆ. ಹದಿನೈದು ನಿಮಿಷ ಕೂರಿಸಿ, ಊತ ಬಂದರೆ ಐಸ್ ಇಡಿ ಎಂದು ಹೇಳಿ ಕಳುಹಿಸಿದೆ. ಅವರು ಒಂದು ಗಂಟೆಯ ಬಸ್ ಹಿಡಿದರು.

ನಾಲ್ಕು ಗಂಟೆಗೆ ಮೂಗಿನ ಪಕ್ಕ ಬಣ್ಣ ಬದಲಾಗಿದ್ದು ಅವರ ಕಣ್ಣಿಗೆ ಬಿತ್ತು. ಸೊಸೆಯಾಗುವವಳ ತಾಯಿ ಅದೇ ದಿನ ಬಂದು ಕುಳಿತಿದ್ದರು. ಏನಾಯಿತು ಎಂದು ಕೇಳಿದವರಿಗೆ, ಹಿತ್ತಲಲ್ಲಿ ಕಂಬಳಿಹುಳು ಬಿತ್ತು ಎಂದರು. ಅತ್ತೆ ಅರಿಸಿನ ಅರೆದು ಹಚ್ಚಿದರು. ಅರಿಸಿನದ ಅಡಿಯಲ್ಲಿ ಬಣ್ಣ ಯಾರಿಗೆ ಕಾಣಬೇಕು? ಮೇಲಿಂದ ಮೇಲೆ ಐಸ್. ಊತಕ್ಕೆ ಐಸ್ ಸರಿ. ಆದರೆ ರಕ್ತ ಹರಿಯದೆ ಬಿಳಚಿದ ಚರ್ಮಕ್ಕೆ ಐಸ್ ಇಟ್ಟರೆ ಇರುವ ನಾಳಗಳೂ ಮುದುಡಿಕೊಳ್ಳುತ್ತವೆ. ಅಲ್ಲಿ ಬೇಕಾದದ್ದು ಬಿಸಿ. ಐಸ್ ಇಡಿ ಎಂದವಳು ನಾನೇ.

ರಾತ್ರಿ ಹತ್ತು ನಲವತ್ತಕ್ಕೆ, ಎಲ್ಲರೂ ಮಲಗಿದ ಮೇಲೆ, ಬಚ್ಚಲು ಮನೆಯ ಬಾಗಿಲು ಹಾಕಿಕೊಂಡು ಪಿಸುಮಾತಿನಲ್ಲಿ ಫೋನ್ ಮಾಡಿದರು. ಕರೆಂಟ್ ಇರಲಿಲ್ಲ. ಮೊಬೈಲ್ ಟಾರ್ಚ್ ಹಿಡಿದು ತೆಗೆದ ಫೋಟೊ ಕಳುಹಿಸಿದರು. ಅರಿಸಿನದ ಹಳದಿ, ಟಾರ್ಚಿನ ಬಿಳುಪು, ಬೇರೇನೂ ತಿಳಿಯುತ್ತಿರಲಿಲ್ಲ. "ಮುಖ ತೊಳೆಯಿರಿ. ಮೇಲ್ತುಟಿ ಮಡಚಿ ಒಳಭಾಗದ ಎರಡೂ ಬದಿ ಕಾಣುವಂತೆ ಇನ್ನೊಂದು ತೆಗೆಯಿರಿ" ಎಂದೆ. ಎರಡನೆಯ ಫೋಟೊ ಬಂತು. ಒಂದು ಬದಿ ಗುಲಾಬಿ, ಇನ್ನೊಂದು ಬದಿ ಸುಣ್ಣ ಬಳಿದಂತೆ. ಈಗಿಂದೀಗಲೇ ಹೊರಡಿ ಎಂದೆ. ಅವರು ಅಳುತ್ತ, ಹೊರಡಬೇಕಾದರೆ ಇವರನ್ನು ಎಬ್ಬಿಸಬೇಕಲ್ಲ ಎಂದರು.

ಆ ವಾಕ್ಯವನ್ನು ನಾನು ಮರೆತಿಲ್ಲ. ಎಬ್ಬಿಸಿದರು. ಆ ಮನುಷ್ಯ ಒಂದೂ ಪ್ರಶ್ನೆ ಕೇಳದೆ ಜೀಪ್ ತೆಗೆದರಂತೆ. ಮಳೆಯಲ್ಲಿ ಎರಡು ಗಂಟೆಗೂ ಮೇಲಿನ ದಾರಿ. ಒಂದೂಕಾಲಿಗೆ ಕ್ಲಿನಿಕ್ಕಿನ ಬಾಗಿಲಲ್ಲಿ ಇಬ್ಬರೂ ನೆನೆದು ನಿಂತಿದ್ದರು.

ನಮ್ಮ ಪುಸ್ತಕಗಳಲ್ಲಿರುವ ಚಿತ್ರಗಳೆಲ್ಲ ಬಿಳಿಯರ ಮುಖದವು. ಅಲ್ಲಿ ರಕ್ತನಾಳ ಕಟ್ಟಿದ ಜಾಗ ಹಾಲಿನಂತೆ ಬಿಳಿಯಾಗಿ, ಆಮೇಲೆ ನೇರಳೆ ಬಲೆಯಾಗಿ ಎದ್ದು ಕಾಣುತ್ತದೆ. ನಮ್ಮ ಕಂದು ಚರ್ಮದಲ್ಲಿ ಅದು ಹಾಗೆ ಕೂಗುವುದಿಲ್ಲ. ನಾನು ಅಂದು ಕಂಡದ್ದನ್ನು ತೋಟದ ಮನೆಯವರಿಗೆ ಹೀಗೆ ಹೇಳಬಹುದು: ಅಡಿಕೆಯನ್ನು ಅಡ್ಡ ಸೀಳಿದರೆ ಒಳಗೆ ಬಿಳಿ ಮತ್ತು ಕಂದು ಗೆರೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವಲ್ಲ, ಅಂಥದೇ ಗೆರೆ, ಬೂದಿ ಬಣ್ಣದಲ್ಲಿ. ಮೂಗಿನ ಹೊಳ್ಳೆಯ ಬುಡದಿಂದ ಮೇಲ್ತುಟಿಯವರೆಗೆ. ಹೆಬ್ಬೆರಳಿನಿಂದ ಒತ್ತಿ ಬಿಟ್ಟು ಎಣಿಸಿದೆ. ಸರಿಯಿರುವ ಬದಿಯಲ್ಲಿ ಎರಡು ಎನ್ನುವ ಮೊದಲೇ ಬಣ್ಣ ಮರಳಿತು. ಕೆಟ್ಟ ಬದಿಯಲ್ಲಿ ಆರರವರೆಗೆ ಎಣಿಸಿದೆ. ಬೆರಳಿನ ಗುರುತು ಹಾಗೇ ಇತ್ತು.

ಈ ಜೆಲ್ ವಿಷಯದಲ್ಲಿ ನಮ್ಮ ಪುಣ್ಯವೆಂದರೆ ಅದನ್ನು ಕರಗಿಸುವ ಕಿಣ್ವವಿದೆ, ಹಯಲುರಾನಿಡೇಸ್. ಸಣ್ಣ ಗಾಜಿನ ಬಾಟಲಿಯ ತಳದಲ್ಲಿ ಅಂಟಿಕೊಂಡಿರುವ ಚಿಟಿಕೆಯಷ್ಟು ಬಿಳಿ ಪುಡಿ. ಒಂದರಲ್ಲಿ 1500 ಯೂನಿಟ್. ನಮ್ಮಲ್ಲಿ ಇದನ್ನು ಬಹಳ ಹಿಂದಿನಿಂದಲೂ ಬಳಸುತ್ತಿರುವವರು ಕಣ್ಣಿನ ವೈದ್ಯರು. ಪೊರೆಯ ಶಸ್ತ್ರಚಿಕಿತ್ಸೆಗೆ ಮೊದಲು ಮರಗಟ್ಟಿಸುವ ಔಷಧ ಚೆನ್ನಾಗಿ ಹರಡಲೆಂದು ಅದರ ಜೊತೆ ಇದನ್ನು ಬೆರೆಸುತ್ತಾರೆ. ಫಿಲ್ಲರ್ ಅಪಾಯಕ್ಕೆ ಇದನ್ನು ಹೇಗೆ ಕೊಡಬೇಕು ಎಂಬುದಕ್ಕೆ ಕೆನಡಾದ ಪ್ಲಾಸ್ಟಿಕ್ ಸರ್ಜನ್ ಕ್ಲಾಡಿಯೊ ಡಿಲೊರೆಂಜಿ 2017ರಲ್ಲಿ ಒಂದು ಕ್ರಮ ಬರೆದರು. ಹಿಂದಿನವರು ಹನಿ ಹನಿಯಾಗಿ, ಅಂಜುತ್ತ ಕೊಡುತ್ತಿದ್ದರು. ಡಿಲೊರೆಂಜಿಯವರ ಮಾತು: ರಕ್ತವಿಲ್ಲದ ಜಾಗವನ್ನೆಲ್ಲ ನೆನೆಸಿಬಿಡಿ. ತುಟಿಯಂಥ ಒಂದು ಪ್ರದೇಶಕ್ಕೆ ಸುಮಾರು 500 ಯೂನಿಟ್, ಎರಡು ಪ್ರದೇಶವಾದರೆ ಅದರ ಎರಡರಷ್ಟು. ಗಂಟೆ ಬಿಟ್ಟು ನೋಡಿ, ಬಣ್ಣ ಮರಳದಿದ್ದರೆ ಮತ್ತೆ ಅಷ್ಟೇ.

ಮೇಲ್ತುಟಿ ಮತ್ತು ಮೂಗು ಸೇರಿ ಮೊದಲ ಸುತ್ತಿಗೆ 1000 ಯೂನಿಟ್ ಕೊಟ್ಟೆ. ಒತ್ತಿ ಒತ್ತಿ ನೀವಿದೆ. ನೋವಿಗೆ ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಹೊಟ್ಟೆಹುಣ್ಣು, ಅಸ್ತಮಾ ಇಲ್ಲವೆಂದು ಕೇಳಿ ತಿಳಿದು ಆಸ್ಪಿರಿನ್ ಮಾತ್ರೆ ಅಗಿಸಿದೆ. ಅವರ ಯಜಮಾನರು ಫ್ಲಾಸ್ಕಿನ ಬಿಸಿನೀರಿನಲ್ಲಿ ಟವೆಲ್ ಅದ್ದಿ, ಹಿಂಡಿ ಹಿಂಡಿ ಕೊಡುತ್ತಿದ್ದರು. ಅಡಿಕೆ ಬೇಯಿಸಿದ ಕೈ, ಬಿಸಿ ಅವರಿಗೆ ಲೆಕ್ಕಕ್ಕಿಲ್ಲ. ಎರಡನೆಯ ಸುತ್ತು. ಮೂಗಿನ ಬುಡ ಸ್ವಲ್ಪ ಕೆಂಪಗಾಯಿತು, ತುಟಿ ಇನ್ನೂ ಬೂದಿ. ಮೂರನೆಯ ಸುತ್ತಿಗೆ ನನ್ನ ಬಳಿ ಇದ್ದ ಔಷಧ ಮುಗಿಯಿತು. ಎರಡೇ ಬಾಟಲಿ ಇಟ್ಟುಕೊಂಡು ಫಿಲ್ಲರ್ ಅಂಗಡಿ ತೆರೆದಿದ್ದ ನನ್ನ ಧೈರ್ಯಕ್ಕೆ ಏನೆನ್ನಬೇಕು? ಬೆಳಗಿನ ಜಾವ ಮೂರೂವರೆಗೆ ಕಣ್ಣಿನ ವೈದ್ಯೆಯಾದ ಗೆಳತಿಗೆ ಫೋನ್ ಮಾಡಿದೆ. ರೇನ್‌ಕೋಟ್ ಹಾಕಿಕೊಂಡು ಸ್ಕೂಟರಿನಲ್ಲಿ ಐದು ಬಾಟಲಿಗಳನ್ನು ತಂದಳು. ಬಂದವಳು ಬೈಯಲಿಲ್ಲ, ರೋಗಿಯ ಕಣ್ಣಿಗೆ ಟಾರ್ಚ್ ಹಾಕಿ ನೋಡಿ, ದೃಷ್ಟಿ ಪರೀಕ್ಷಿಸಿ, ಚಹಾ ಇದೆಯೇ ಎಂದು ಕೇಳಿದಳು. ನಾಲ್ಕನೆಯ ಸುತ್ತಿನ ಮೇಲೆ, ಹಾಲಿನ ವ್ಯಾನ್ ಬರುವ ಹೊತ್ತಿಗೆ, ಹೆಬ್ಬೆರಳು ಒತ್ತಿ ಬಿಟ್ಟರೆ ಎರಡು ಎಣಿಕೆಗೆ ಬಣ್ಣ ಮರಳಿತು.

ಮೂರನೆಯ ದಿನ ನಾಲ್ಕೈದು ಕೀವುಗುಳ್ಳೆ ಎದ್ದವು. ರಕ್ತವಿಲ್ಲದೆ ಬಳಲಿದ ಚರ್ಮ ಹಾಗೆ ಮಾಡುತ್ತದೆ. ಅದನ್ನು ಮೊಡವೆ ಎಂದುಕೊಂಡು ಹಿಸುಕಿ ಹಾಳು ಮಾಡಿಕೊಂಡವರಿದ್ದಾರೆ. ಇವರದು ವಾಸಿಯಾಯಿತು. ಹೊಳ್ಳೆಯ ಪಕ್ಕ ಅಕ್ಕಿಕಾಳಿನಷ್ಟು ಕಲೆ ಉಳಿದಿದೆ. ಮದುವೆಯ ಫೋಟೊದಲ್ಲಿ ಗೆರೆಯೂ ಇದೆ, ಏಕೆಂದರೆ ಹಾಕಿದ್ದೆಲ್ಲ ಕರಗಿ ಹೋಗಿತ್ತು.

ನಾಲ್ಕರಿಂದ ಹತ್ತು ನಲವತ್ತರವರೆಗೆ ಆರೂವರೆ ಗಂಟೆಗಿಂತ ಹೆಚ್ಚು ಹೊತ್ತು ಕಳೆದದ್ದು ಗುಟ್ಟಿಗೆ. ಮಳೆ, ರಸ್ತೆ, ಕರೆಂಟ್ ಇವೆಲ್ಲ ಸೇರಿ ತಿಂದದ್ದು ಅದಕ್ಕಿಂತ ಕಡಿಮೆ. ಆದ್ದರಿಂದ ಅಂದಿನಿಂದ ನನ್ನದು ಒಂದು ಹಟ. ಮನೆಯಲ್ಲಿ ಒಬ್ಬರಿಗೆ, ಗಂಡನೋ ತಂಗಿಯೋ ನೆರೆಮನೆಯ ಗೆಳತಿಯೋ, ಒಬ್ಬರಿಗಾದರೂ ಹೇಳದೆ ಬಂದವರಿಗೆ ನಾನು ಫಿಲ್ಲರ್ ಹಾಕುವುದಿಲ್ಲ. ಆ ಒಬ್ಬರ ಹತ್ತಿರ ವಾಹನವಿರಬೇಕು ಅಥವಾ ವಾಹನ ತರಿಸುವ ಶಕ್ತಿ ಇರಬೇಕು. ಅವರ ನಂಬರ್ ನನ್ನ ಬಳಿ, ನನ್ನದು ಅವರ ಬಳಿ. ಇದನ್ನು ಕೇಳಿ ಎದ್ದು ಹೋದವರು ಸಾಕಷ್ಟು ಮಂದಿ. ಹೋಗಲಿ.

ಉಳಿದ ಎಚ್ಚರಿಕೆಗಳು ಇದರ ಹಿಂದೆ ಬಂದವು. ಮಧ್ಯಾಹ್ನದ ಮೇಲೆ ಹಾಕುವುದಿಲ್ಲ, ಶನಿವಾರ ಹಾಕುವುದಿಲ್ಲ. ಮಳೆಗಾಲದಲ್ಲಿ ದೂರದವರು ಅಂದು ರಾತ್ರಿ ಶಿವಮೊಗ್ಗದಲ್ಲೇ ಉಳಿಯಬೇಕು. ಮದುವೆಗೆ ತಿಂಗಳೊಳಗೆ ಬಂದವರನ್ನು ಹಿಂದಕ್ಕೆ ಕಳುಹಿಸುತ್ತೇನೆ. ಏನೂ ತಪ್ಪದೆ ಹೋದರೂ ನೀಲಿಗಟ್ಟುವುದು, ಊದುವುದು ಎರಡು ವಾರ ಹಿಡಿಯಬಹುದು. ಒಮ್ಮೆಗೆ ಒಂದು ಮಿಲಿಲೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಒಂದೇ ಜಾಗಕ್ಕೆ ಬಿಡುವುದಿಲ್ಲ, ಅದೂ ನಿಧಾನವಾಗಿ. ಹಲವು ಕಡೆ ಚೂಪು ಸೂಜಿಯ ಬದಲು ಮೊಂಡು ತುದಿಯ ಕ್ಯಾನುಲಾ ಬಳಸುತ್ತೇನೆ. ಅದು ನಾಳವನ್ನು ಚುಚ್ಚುವ ಸಂಭವ ಕಡಿಮೆ. ಇಲ್ಲವೇ ಇಲ್ಲ ಎಂದಲ್ಲ, ಕ್ಯಾನುಲಾ ತಾಯಿತವಲ್ಲ.

ಎರಡು ಜಾಗಗಳನ್ನು ಮಾತ್ರ ನಾನು ಮುಟ್ಟುವುದೇ ಇಲ್ಲ: ಹುಬ್ಬುಗಳ ನಡುವೆ ಕುಂಕುಮ ಇಡುವ ಜಾಗ ಮತ್ತು ಮೂಗು. ಅಲ್ಲಿಯ ಸಣ್ಣ ಅಪಧಮನಿಗಳಿಗೆ ಕಣ್ಣಿನ ಅಪಧಮನಿಯ ಜೊತೆ ನಂಟಿದೆ. ಸೂಜಿ ನಾಳದೊಳಗೆ ಹೊಕ್ಕು, ಕೈ ಜೋರಾಗಿ ಒತ್ತಿದರೆ ಜೆಲ್ ಹರಿವಿಗೆ ಎದುರಾಗಿ ಹಿಂದಕ್ಕೆ ಸಾಗುತ್ತದೆ. ಒತ್ತುವುದು ನಿಂತ ಕ್ಷಣ ರಕ್ತ ಅದನ್ನು ಮುಂದಕ್ಕೆ ತಳ್ಳುತ್ತದೆ, ಈ ಸಲ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ಕಡೆಗೆ. ಫಿಲ್ಲರ್‌ನಿಂದ ದೃಷ್ಟಿ ಹೋದವರ ಬಗ್ಗೆ 2015ರಲ್ಲಿ ಬಂದ ಒಂದು ವಿಮರ್ಶೆ ಅಲ್ಲಿಯವರೆಗೆ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿದ್ದ 98 ಪ್ರಕರಣಗಳನ್ನು ಒಟ್ಟು ಮಾಡಿತು. ಎಲ್ಲಕ್ಕಿಂತ ಹೆಚ್ಚು ಹುಬ್ಬುಗಳ ನಡುವಿನವು, ಆಮೇಲೆ ಮೂಗು. ಜಗತ್ತಿನ ಲೆಕ್ಕದಲ್ಲಿ ಇದು ಅಪರೂಪ. ಆದರೆ ರಕ್ತವಿಲ್ಲದೆ ರೆಟಿನಾ ತಡೆಯುವುದು ಹೆಚ್ಚೆಂದರೆ ಒಂದೂವರೆ ಗಂಟೆ ಎನ್ನುತ್ತಾರೆ, ಅಷ್ಟೂ ಇಲ್ಲ ಎನ್ನುವವರಿದ್ದಾರೆ. ಸಾಗರದಿಂದ ಶಿವಮೊಗ್ಗಕ್ಕೆ ಬಸ್ ಬರುವಷ್ಟೂ ಹೊತ್ತಲ್ಲ. ಹಾಕುತ್ತಿರುವಾಗಲೇ ಕಣ್ಣು ಮಂಜಾದರೆ, ರೆಪ್ಪೆ ಜೋತರೆ, ಎರಡೆರಡು ಕಂಡರೆ, ತಲೆ ಸಿಡಿದು ವಾಂತಿ ಬಂದರೆ ಕೈ ತಕ್ಷಣ ನಿಲ್ಲಬೇಕು, ಕಣ್ಣಿನ ವೈದ್ಯರು ಆ ಹೊತ್ತಿಗೆ ಸಿಗಬೇಕು. ಸಿಕ್ಕರೂ ದೃಷ್ಟಿ ಮರಳಿದವರು ಕಡಿಮೆ. ಮೂಗು ಸ್ವಲ್ಪ ನೇರವಾಗಲೆಂದು ಈ ಜೂಜು ನನಗೆ ಬೇಡ. ಬೆಂಗಳೂರಿನಲ್ಲಿ ನುರಿತವರು ಮಾಡುತ್ತಾರೆ, ಮಾಡಲಿ.

ಜೇನಿನ ವಿಷಯ ಹೇಳಲೇಬೇಕು, ಅದು ನಮ್ಮ ಕಡೆಯದೇ. ಜೇನಿನ ವಿಷದಲ್ಲಿ ಇದೇ ಹಯಲುರಾನಿಡೇಸ್ ಇರುತ್ತದೆ. ವಿಷ ಅಂಗಾಂಶದೊಳಗೆ ಬೇಗ ಹರಡಲು ಅದು ದಾರಿ ಬಿಡಿಸುತ್ತದೆ. ಹಾವಿನ ವಿಷದಲ್ಲೂ ಉಂಟು. ಹೆಜ್ಜೇನು ಕಚ್ಚಿ ಮೈಯೆಲ್ಲ ದದ್ದರಿಸಿ, ಉಸಿರು ಕಟ್ಟಿ ಆಸ್ಪತ್ರೆ ಸೇರಿದವರಿಗೆ ಈ ಔಷಧವೂ ಒಗ್ಗದಿರಬಹುದು. ಪ್ರಾಣಾಂತಿಕ ಅಲರ್ಜಿ ಆಗಬಹುದು. ಎಂದರೆ ಅವರಿಗೆ ಫಿಲ್ಲರ್ ಹಾಕಿ ಕೆಟ್ಟರೆ, ಬಿಡಿಸುವ ಬೀಗದ ಕೈಯೇ ಅಪಾಯದ್ದು. ಕೊಪ್ಪದ ಕಡೆಯ ಕಾಫಿ ತೋಟದ ಒಬ್ಬರು "ಜೇನು ಕಚ್ಚಿ ಒಮ್ಮೆ ಡ್ರಿಪ್ ಹಾಕಿದ್ದರು, ಅದಕ್ಕೂ ಇದಕ್ಕೂ ಏನು ಸಂಬಂಧ?" ಎಂದು ನಕ್ಕಿದ್ದರು. ವಿವರಿಸಿ, ಬೇಡವೆಂದು ಕಳುಹಿಸಿದೆ. ಚರ್ಮ ಸಾಯುತ್ತಿರುವ ತುರ್ತಿನಲ್ಲಾದರೆ ಲೆಕ್ಕ ಬೇರೆ. ಆಗ ಅಂಥ ಅಲರ್ಜಿಗೆ ಕೊಡುವ ಅಡ್ರಿನಲಿನ್ ಕೈಗೆಟುಕುವಲ್ಲಿ ಇಟ್ಟುಕೊಂಡು ಮುಂದುವರಿಯಬೇಕಾಗುತ್ತದೆ.

ಹಲ್ಲು ಕಿತ್ತವರು, ಒಸಡು ಕೀವಾದವರು ಎರಡು ವಾರ ಕಾಯಬೇಕು. ಬಾಯಿಯ ಕ್ರಿಮಿಗಳು ರಕ್ತದ ಮೂಲಕ ಹೋಗಿ ಜೆಲ್‌ನ ಮೇಲೆ ಮನೆ ಕಟ್ಟಿಕೊಳ್ಳುತ್ತವೆ, ಆಮೇಲೆ ಏಳಿಸುವುದು ಕಷ್ಟ. ತುಟಿಯ ಮೇಲೆ ಆಗಾಗ ಜ್ವರದ ಗುಳ್ಳೆ ಏಳುವವರು ಮೊದಲೇ ಹೇಳಿದರೆ ಮಾತ್ರೆ ಕೊಟ್ಟು ಹಾಕಬಹುದು. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮುಖ ನೀಲಿಗಟ್ಟೀತೆಂದು ತಾವಾಗಿ ನಿಲ್ಲಿಸಬಾರದು. ಮುಖಕ್ಕಿಂತ ಹೃದಯ ದೊಡ್ಡದು. ಬಸುರಿಯರಿಗೆ, ಎದೆಹಾಲೂಡುವವರಿಗೆ ಇಲ್ಲ. ವಾರ ತಿಂಗಳುಗಳ ನಂತರ ಗಂಟು ಕಾಣಿಸಿಕೊಂಡರೆ ಹಿಸುಕದೆ ಬನ್ನಿ, ಜ್ವರ ಬಂದು ಹೋದ ಮೇಲೆ ಹಳೆಯ ಜಾಗ ಮತ್ತೆ ಊದುವುದೂ ಉಂಟು. ಕಣ್ಣಿನ ಕೆಳಗೆ ನೀಲಿ ಛಾಯೆ ಬಂದರೆ ಜೆಲ್ ತೀರ ಮೇಲ್ಪದರದಲ್ಲಿ ಕುಳಿತಿದೆ ಎಂದರ್ಥ, ಸ್ವಲ್ಪ ಕರಗಿಸಿದರೆ ಮುಗಿಯಿತು.

ಇನ್ನೊಂದು ಪ್ರಕರಣ ಚಿಕ್ಕದಾಗಿ ಹೇಳುತ್ತೇನೆ, ದೊಡ್ಡದಾಗಿ ಹೇಳಲು ಮನಸ್ಸಾಗುವುದಿಲ್ಲ. ನಿಶ್ಚಿತಾರ್ಥವಾಗಿದ್ದ ಹುಡುಗಿ. ಬೇರೆ ಊರಿನ ಒಂದು ಸೌಂದರ್ಯ ಕೇಂದ್ರದಲ್ಲಿ, ಸೂಜಿಯೇ ಇಲ್ಲ ಎಂದು ಹೇಳಿ ಪೆನ್ನಿನಂಥ ಸಾಧನದಿಂದ ತುಟಿಗೆ ಏನನ್ನೋ ಹಾರಿಸಿದ್ದರು. ಅಂಥ ಪೆನ್‌ಗಳಿಂದ ಫಿಲ್ಲರ್ ಹಾಕಿಸಿಕೊಳ್ಳಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರ ಅಕ್ಟೋಬರ್‌ನಲ್ಲೇ ಎಚ್ಚರಿಸಿತ್ತು. ಐದನೆಯ ದಿನ ತಾಯಿಯ ಜೊತೆ ಬಂದಳು. ಕಂಬಳಿಹುಳು, ಇಲ್ಲಿಯೂ. ತಾಯಿಯನ್ನು ಹೊರಗೆ ಕೂರಿಸಿದ ಮೇಲೆ ನಿಜ ಹೇಳಿದಳು. ಹಾಕಿದ್ದು ಏನು? ಗೊತ್ತಿಲ್ಲ. ಡಬ್ಬಿ? ತೋರಿಸಲಿಲ್ಲ. ಹಯಲುರಾನಿಕ್ ಆಮ್ಲವಾಗಿದ್ದರೆ ಕರಗುತ್ತದೆ, ಸಿಲಿಕೋನ್ ಆಗಿದ್ದರೆ ಯಾವುದಕ್ಕೂ ಕರಗುವುದಿಲ್ಲ. ಅಂದಾಜಿನ ಮೇಲೆ ಔಷಧ ಕೊಟ್ಟೆ, ಆದರೆ ಐದು ದಿನಗಳಲ್ಲಿ ತುಟಿಯ ಅಂಚು ಕಪ್ಪಾಗಿ ಹೋಗಿತ್ತು. ಆ ಅಂಚು ಈಗ ಸ್ವಲ್ಪ ಒಳಕ್ಕೆ ಎಳೆದುಕೊಂಡಿದೆ. ನಿಶ್ಚಿತಾರ್ಥ ಏನಾಯಿತು ಎಂದು ನಾನು ಕೇಳಿಲ್ಲ.

ಇಲ್ಲಿಗೆ ಬರುವವರಿಗೆ ಈಗ ಸಿರಿಂಜಿನ ಮೊಹರು ಅವರ ಎದುರಿಗೇ ಒಡೆಯುತ್ತೇನೆ, ಡಬ್ಬಿಯ ಮೇಲಿನ ಹೆಸರು ಮತ್ತು ಬ್ಯಾಚ್ ನಂಬರಿನ ಚೀಟಿಯನ್ನು ಅವರ ಮೊಬೈಲಿನಲ್ಲೇ ಫೋಟೊ ತೆಗೆಸುತ್ತೇನೆ. ಬೇರೆ ಕಡೆ ಹಾಕಿಸಿಕೊಳ್ಳುವವರೂ ಇಷ್ಟನ್ನು ಕೇಳಿ ಪಡೆಯಿರಿ, ಮತ್ತು ಕರಗಿಸುವ ಔಷಧ ಎಷ್ಟು ಬಾಟಲಿ ಇದೆ ತೋರಿಸಿ ಎನ್ನಿ. ತೋರಿಸಲು ಬೇಜಾರು ಮಾಡಿಕೊಂಡರೆ ಚಪ್ಪಲಿ ಹಾಕಿಕೊಳ್ಳಿ. ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಕೂರಿಸಿ, ಹೆಬ್ಬೆರಳು ಒತ್ತಿ ಎಣಿಸುವುದನ್ನು ಅವರಿಗೂ ಜೊತೆಗೆ ಬಂದವರಿಗೂ ಕಲಿಸುತ್ತೇನೆ. ಸಂಜೆ ಆರಕ್ಕೆ, ರಾತ್ರಿ ಹತ್ತಕ್ಕೆ, ಬೆಳಿಗ್ಗೆ ಎದ್ದ ಕೂಡಲೇ ಒತ್ತಿ ನೋಡಬೇಕು. ಅರಿಸಿನ ಹಚ್ಚಬಾರದು.

ಹೊಸನಗರದ ಆ ದಂಪತಿ ಹೋದ ತಿಂಗಳು ಬಂದಿದ್ದರು. ಯಜಮಾನರಿಗೆ ಕತ್ತಿನ ಮೇಲೆ ನರುಳ್ಳಿಗಳಾಗಿದ್ದವು. ತೆಗೆಯುವಾಗ ಅವರು ಹೆಂಡತಿಯ ಕಡೆ ತಿರುಗಿ, "ನಾನು ಹೇಳಿಯೇ ಬಂದಿದ್ದೇನೆ, ನೋಡು" ಎಂದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಮಾರ್ಚ್‌ನಲ್ಲಿ ಕಪಾಟು ಸ್ವಚ್ಛ ಮಾಡುವಾಗ ಹಯಲುರಾನಿಡೇಸ್‌ನ ಎಂಟು ಬಾಟಲಿಗಳ ಅವಧಿ ಮುಗಿದಿತ್ತು. ಒಂದನ್ನೂ ತೆರೆದಿರಲಿಲ್ಲ. ಮೆಡಿಕಲ್ ಅಂಗಡಿಯ ಹುಡುಗ ಹಳೆಯ ಬಿಲ್ ನೋಡಿ, "ಹೋದ ವರ್ಷವೂ ಹೀಗೇ ಎಸೆದಿರಿ ಮೇಡಂ, ಈ ಸಲ ಎರಡು ಸಾಕಲ್ಲವೇ?" ಎಂದ. ಹತ್ತು ಬರೆದುಕೊ ಎಂದೆ.